ಅಧ್ಯಕ್ಷರ ಕಾಯಿ ಒಣಗುವ ತನಕ

ನಿವೃತ್ತಿಯ ದಿನ ನನಗೆ ಯಾರೂ ಶಾಲು ಹೊದಿಸಲಿಲ್ಲ. ಹಾರ ಇಲ್ಲ, ಹಣ್ಣಿನ ಬುಟ್ಟಿ ಇಲ್ಲ, ಇವರು ಬಹಳ ಸೌಮ್ಯ ಸ್ವಭಾವದವರು ಎಂಬ ಸುಳ್ಳು ಭಾಷಣವೂ ಇಲ್ಲ. ಸಂಜೆ ಊಟದ ಡಬ್ಬಿ ಹಿಡಿದು ಗೇಟಿನಿಂದ ಹೊರಗೆ ಬಂದೆ, ಅಷ್ಟೇ. ಬೇಜಾರಾಯಿತೇ ಎಂದು ಈಗಲೂ ಕೇಳುವವರಿದ್ದಾರೆ. ಆಯಿತು, ಇಲ್ಲ ಎಂದು ಯಾಕೆ ಹೇಳಲಿ. ಆದರೆ ಶಾಲು ತಪ್ಪಿಸಿದ ಆ ಕೆಲಸವನ್ನು ನಾಳೆ ಬೆಳಗ್ಗೆ ಮತ್ತೆ ಮಾಡು ಎಂದರೆ ಮತ್ತೆ ಮಾಡುತ್ತೇನೆ.

ನನ್ನ ಹೆಸರು ಶಮೀಮ್. ತಿಪಟೂರಿನಲ್ಲಿ ತೆಂಗು ಬೆಳೆಗಾರರ ಸಂಘವೊಂದರ ಕಂಪ್ಯೂಟರ್ ವಿಭಾಗದಲ್ಲಿ ಇದ್ದವಳು. ವಿಭಾಗ ಎಂದರೆ ನಾನು, ಒಂದು ಕುರ್ಚಿ, ಒಂದು ಎಸಿ ಮತ್ತು ಎಸಿಯ ತಂಪೆಲ್ಲ ತಾವೇ ಕುಡಿಯುವ ಸರ್ವರ್‌ಗಳು. ನಮ್ಮ ಅಬ್ಬಾ ಹೊನ್ನವಳ್ಳಿ ರಸ್ತೆಯಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದರು. ಸುಟ್ಟ ಮೋಟಾರು ಹೊತ್ತು ತಂದವರಿಗೆ ಮೊದಲು ಬೈಗುಳ, ಆಮೇಲೆ ಕೂರಲು ಸ್ಟೂಲು, ಆಮೇಲೆ ಟೀ. ಆ ಸ್ವಭಾವ ಅವರಿಂದ ನನಗೆ ಹಾಗೇ ಇಳಿದುಬಂದಿದೆ. ನನ್ನ ಕುರ್ಚಿಗೆ ಈಗ ಬಂದಿರುವವಳು ಕೆಲಸದ ಕ್ರಮವನ್ನು ಬರೆದುಕೊಡಿ ಮೇಡಂ ಎಂದಳು. ಕ್ರಮ ಸಾಫ್ಟ್‌ವೇರ್ ಕಂಪನಿಯವರ ಪುಸ್ತಕದಲ್ಲಿದೆ, ಓದಿಕೋ ಎಂದೆ. ಪುಸ್ತಕದಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ನಮ್ಮಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಪೆಟ್ಟಿಗೆ ಇತ್ತು. ಲೆಕ್ಕಪತ್ರಕ್ಕೆ ಒಂದು, ಕೊಬ್ಬರಿ ಟೆಂಡರಿಗೆ ಒಂದು, ತೂಕಕ್ಕೆ ಒಂದು. ಒಂದು ಕೆಟ್ಟರೆ ಆ ಕೆಲಸ ನಿಂತಿತು ಎಂದೇ ಅರ್ಥ. ಆಮೇಲೆ ಬಂದದ್ದು ವರ್ಚುವಲ್ ಮಷೀನು. ಇದನ್ನು ಆಡಳಿತ ಮಂಡಳಿಗೆ ಅರ್ಥ ಮಾಡಿಸಲು ನಾನು ವಠಾರದ ಲೆಕ್ಕ ಹೇಳುತ್ತಿದ್ದೆ. ಒಂದೇ ದೊಡ್ಡ ಸರ್ವರ್ ಒಂದು ವಠಾರ. ಒಳಗಿನ ನಾಲ್ಕಾರು ಸಂಸಾರಗಳೇ ಈ ಮಷೀನುಗಳು, ಪ್ರತಿಯೊಂದಕ್ಕೂ ಅದರದೇ ಬಾಗಿಲು, ಅದರದೇ ಒಲೆ. ಯಾರಿಗೆ ಎಷ್ಟು ನೀರು, ಎಷ್ಟು ಕರೆಂಟು ಎಂದು ನೋಡಿಕೊಳ್ಳುವ ಮೇಸ್ತ್ರಿಯೇ ಹೈಪರ್‌ವೈಸರ್ ಎಂಬ ಸಾಫ್ಟ್‌ವೇರ್. ಆ ಮೇಸ್ತ್ರಿ ನಮ್ಮಲ್ಲಿ ಕೆಲಸ ಮಾಡಲು ಅವನ ಕಂಪನಿ ಕೊಡುವ ಅನುಮತಿಯೇ ಲೈಸೆನ್ಸು. ವಠಾರ ಹಳತಾದಾಗ ಸಂಸಾರಗಳನ್ನು ಹೊಸ ವಠಾರಕ್ಕೆ ದಾಟಿಸಬೇಕು, ಯಾರ ಒಲೆಯೂ ಆರದ ಹಾಗೆ. ನನ್ನ ಉದ್ಯೋಗ ಮುಖ್ಯವಾಗಿ ಇದೇ.

ಮೊದಲ ಸಲ ಹೊಸ ಸರ್ವರ್ ಬಂದಾಗ, ನಾಳೆ ಮಷೀನುಗಳನ್ನು ಸಾಗಿಸುತ್ತೇನೆ ಎಂದು ಕಚೇರಿಗೆ ತಿಳಿಸಿದ್ದೆ. ಬೆಳಗ್ಗೆ ನೋಡಿದರೆ ಬಾಗಿಲಲ್ಲಿ ಗೋಣಿಪಟ್ಟೆ, ಹಗ್ಗ ಹಿಡಿದು ಇಬ್ಬರು ಹಮಾಲರು. ಎತ್ತುವ ಕೆಲಸ ಏನೂ ಇಲ್ಲ ಎಂದರೆ ನಂಬಲೊಲ್ಲರು.

“ಎತ್ದೆ ಇದ್ರೆ ಅದು ಹೆಂಗಮ್ಮ ಸಾಗ್ತದೆ?” ಎಂದ ಒಬ್ಬ.

ಕೂಲಿ ಹೇಗೂ ಬರೆದಾಗಿತ್ತು, ಕೂತು ನೋಡಿ ಎಂದೆ. ಪರದೆಯ ಮೇಲೆ ಒಂದು ಹಸಿರು ಗೆರೆ ಈ ತುದಿಯಿಂದ ಆ ತುದಿಗೆ ಹೋಗುವುದನ್ನು ಇಬ್ಬರೂ ಬೀಡಿಯ ಆಸೆ ಬಿಟ್ಟು ನೋಡಿದರು. ಬಂತಾ ಎಂದರು. ಬಂತು ಎಂದೆ. “ನಮ್ ಸೊಂಟಕ್ಕೂ ಇಂಥದ್ದೊಂದು ಬರ್ಬಾರ್ದಾ” ಎಂದು ಹಗ್ಗ ಸುತ್ತಿಕೊಂಡು ಹೋದರು.

ಎರಡನೆಯ ಸಲ ಸರ್ವರ್ ಮಾರಿದವರು ತಮ್ಮ ಎಂಜಿನಿಯರನ್ನೇ ಕಳಿಸಿದರು. ಇಂಥ ಕೆಲಸವನ್ನು ಊರು ಮಲಗಿದ ಮೇಲೆ ಮಾಡಬೇಕೆಂಬುದು ಈ ವೃತ್ತಿಯವರ ಮಡಿ. ಆತ ಹಾಗೇ ಮಾಡಿ, ಮೊದಲ ಬಸ್ಸು ಹತ್ತಿ ಹೋದ. ಅಂದು ಟೆಂಡರಿನ ದಿನ. ವರ್ತಕರು ಕೊಬ್ಬರಿ ರಾಶಿಗಳ ಲಾಟು ನೋಡಿಕೊಂಡು ಬಂದು ಕಂಪ್ಯೂಟರಿನಲ್ಲಿ ರೇಟು ಹಾಕಬೇಕು, ಗೊತ್ತುಮಾಡಿದ ಹೊತ್ತಿಗೆ ಟೆಂಡರು ತಾನೇ ಮುಚ್ಚಿಕೊಳ್ಳುತ್ತದೆ. ಹೊಸ ಸರ್ವರಿನ ಗಡಿಯಾರ ಮುಂದೆ ಓಡುತ್ತಿತ್ತು. ಟೆಂಡರಿನ ಮಷೀನು ಆ ಗಡಿಯಾರವನ್ನೇ ನಂಬಿ, ವರ್ತಕರು ಇನ್ನೂ ಕೊಬ್ಬರಿ ಮೂಸುತ್ತಿರುವಾಗಲೇ ಬಾಗಿಲು ಹಾಕಿಕೊಂಡಿತು. ಅವರೆಲ್ಲ ನನ್ನ ಕೋಣೆಗೆ ನುಗ್ಗಿದರು. “ನಮ್ ವಾಚಲ್ಲಿ ಇನ್ನೂ ಟೈಮ್ ಐತಲ್ರೀ, ನಿಮ್ ಮಿಷನ್ನಿಗೆ ಏನ್ ಅರ್ಜೆಂಟು?” ಎಂದು ಒಬ್ಬರು ಕೇಳಿದರು. ಎಂಜಿನಿಯರ್ ಬಸ್ಸಿನಲ್ಲಿ ಫೋನು ಆರಿಸಿ ನಿದ್ದೆ ಹೊಡೆಯುತ್ತಿದ್ದ. ಟೆಂಡರು ರದ್ದು ಮಾಡಿ ಮತ್ತೆ ತೆರೆಯುವಷ್ಟರಲ್ಲಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಅಂದಿನಿಂದ ನಾನು ಯಾವ ಮಷೀನನ್ನೂ ಕತ್ತಲಲ್ಲಿ ದಾಟಿಸಿಲ್ಲ. ಹಗಲಲ್ಲಿ, ಅದನ್ನು ಬಳಸುವವರು ಎಚ್ಚರವಾಗಿರುವಾಗ, ಅವರಿಗೆ ಹೇಳಿ ದಾಟಿಸಿದ್ದೇನೆ. ದಾಟಿಸಿದ ಕೂಡಲೇ ಮೊದಲು ಗಡಿಯಾರ ನೋಡಿದ್ದೇನೆ. ದೊಡ್ಡ ಊರಿನ ಎಂಜಿನಿಯರುಗಳು ಇದಕ್ಕೆ ಮೂಗು ಮುರಿದರೆ ಮುರಿಯಲಿ.

ಇನ್ನು ನನ್ನ ಕೋಣೆಯ ಸೂರಿನ ತೂತಿನ ವಿಷಯ ಹೇಳಬೇಕು. ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ.

ಸರ್ವರ್ ಕೋಣೆ ಇದ್ದದ್ದು ಹಳೆಯ ಗೋದಾಮಿನ ಮೂಲೆಯಲ್ಲಿ. ಅದರ ಮೇಲೆಯೇ ಅಟ್ಟ. ಅಟ್ಟದ ಮೇಲೆ ಅಧ್ಯಕ್ಷರ ತೋಟದ ಕಾಯಿ. ಸಂಘದ ಅಟ್ಟದಲ್ಲಿ ಅಧ್ಯಕ್ಷರ ಕಾಯಿ ಯಾಕಿತ್ತು ಎಂದು ಕೇಳಬೇಡಿ, ನಾನು ಕೇಳಿದ್ದೆ, ಯಾರೂ ಉತ್ತರ ಕೊಡಲಿಲ್ಲ. ನಮ್ಮ ಕಡೆ ಕೊಬ್ಬರಿ ಆಗುವುದು ಅಟ್ಟದಲ್ಲಿ. ಸಿಪ್ಪೆ ಸಮೇತ ಕಾಯಿಯನ್ನು ಹರಡಿಬಿಟ್ಟರೆ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಒಳಗಿನ ನೀರು ನಿಧಾನವಾಗಿ ಹೀರಿಹೋಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು, ಕಾಯಿ ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಅಲ್ಲಿಯ ತನಕ ಅದನ್ನು ಮುಟ್ಟುವಂತಿಲ್ಲ. ಮಳೆಗಾಲದಲ್ಲಿ ಥಂಡಿ ಹೆಚ್ಚಾದರೆ ಕಾಯಿ ಕೌಟಾಗುತ್ತದೆ, ಎಂದರೆ ಒಳಗೇ ಕೊಳೆತು ನಾರುತ್ತದೆ, ಅದಕ್ಕೇ ಕೆಲವರು ಅಟ್ಟದ ಕೆಳಗೆ ಸಣ್ಣಗೆ ಹೊಗೆ ಹಾಕುವುದುಂಟು.

ಗೋದಾಮು ನೋಡಿಕೊಳ್ಳುವ ಚನ್ನಬಸಪ್ಪನವರಿಗೆ ಹೊಗೆಗಿಂತ ಅಗ್ಗದ ದಾರಿ ಹೊಳೆಯಿತು. ಒಂದು ಬೆಳಗ್ಗೆ ಬಾಗಿಲು ತೆಗೆದರೆ ಸರ್ವರ್‌ಗಳ ಬೆನ್ನ ಹಿಂದೆ ಸೂರಿಗೆ ತಟ್ಟೆಯಗಲದ ತೂತು, ಕೆಳಗೆಲ್ಲ ನಾರಿನ ಧೂಳು.

“ಮೇಡಮ್ಮೋರೆ, ನಿಮ್ ಮಿಷನ್ನಿನ್ ಬಿಸಿಗಾಳಿ ಸುಮ್ ಸುಮ್ನೆ ಕಿಟಕೀಲಿ ಹೋಗ್ತಾ ಐತೆ. ಮ್ಯಾಲೆ ಕಾಯಿ ಚಳೀಲಿ ಕೂತವೆ. ಒಂದ್ ತೂತು ಹೊಡ್ದೆ, ಬೇಜಾರ್ ಮಾಡ್ಕಬ್ಯಾಡಿ” ಎಂದರು.

ನಾನು ಹಾಕಿದ ಕೂಗು ಸಂತೆಬೀದಿಗೆ ಕೇಳಿಸಿರಬೇಕು. ಕೊನೆಗೆ ತೂತು ಮುಚ್ಚಿಸಲು ಆಗಲಿಲ್ಲ, ಅಧ್ಯಕ್ಷರ ಅಪ್ಪಣೆ ಆಗಿತ್ತಂತೆ. ತಗಡಿನ ಕೊಳವೆ, ಧೂಳು ಕೆಳಗೆ ಬೀಳದ ಹಾಗೆ ಜಾಲರಿ, ಇಷ್ಟನ್ನಾದರೂ ಹಾಕಿಸಿಕೊಂಡೆ. ಆ ವರ್ಷ ಅಧ್ಯಕ್ಷರ ಕೊಬ್ಬರಿ ಬೆಳ್ಳಗೆ, ದುಂಡಗೆ ಬಂತು. ಬಿಸಿಗಾಳಿಯಿಂದಲೇ ಬಂತೋ, ಮಳೆ ಕಡಿಮೆಯಾಗಿತ್ತೋ, ಯಾರಿಗೆ ಗೊತ್ತು. ಅಧ್ಯಕ್ಷರಿಗೆ ಮಾತ್ರ ನಂಬಿಕೆ ಕೂತುಬಿಟ್ಟಿತು. ಊರಿಗೆಲ್ಲ ಕಂಪ್ಯೂಟರ್ ಕೊಬ್ಬರಿ ಎಂದು ಹೇಳಿಕೊಂಡು ತಿರುಗಿದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ನಿವೃತ್ತಿಯಾಗುವ ಹಿಂದಿನ ವರ್ಷ ಹೈಪರ್‌ವೈಸರ್ ಮಾಡುವ ಕಂಪನಿ ಕೈ ಬದಲಾಯಿಸಿತು. ಮೊದಲು ಲೈಸೆನ್ಸು ಒಮ್ಮೆ ಕೊಂಡರೆ ನಮ್ಮದು. ಹೊಸ ಮಾಲೀಕರು ಅದನ್ನು ವರ್ಷಕ್ಕಿಷ್ಟು ಎಂದು ಬಾಡಿಗೆ ಮಾಡಿದರು, ಅದೂ ಸರ್ವರಿನ ಪ್ರೊಸೆಸರಿನಲ್ಲಿರುವ ಕೋರ್‌ಗಳನ್ನು ಎಣಿಸಿ. ಕಂಪನಿಯ ಸಹಾಯ ಬೇಕಿದ್ದವರು ಹೊಸ ಆವೃತ್ತಿಗೆ ಏರಲೇಬೇಕು, ಹೊಸ ಆವೃತ್ತಿ ನಮ್ಮ ಹಳೆಯ ಸರ್ವರ್‌ಗಳ ಮೇಲೆ ಕೂರುವುದಿಲ್ಲ. ಹೀಗಾಗಿ ಹೊಸ ಸರ್ವರ್, ಹೊಸ ಲೈಸೆನ್ಸು, ಎಲ್ಲ ಮಷೀನುಗಳ ಸ್ಥಳಾಂತರ. ಇಷ್ಟರಲ್ಲಿ ನನ್ನ ತಕರಾರೇನೂ ಇರಲಿಲ್ಲ, ಕೆಲಸ ಎಂದ ಮೇಲೆ ಇದ್ದದ್ದೇ.

ಆಗಿನ ಕಾರ್ಯದರ್ಶಿ ನಾಗಭೂಷಣ್ ಹೊಸಬರು, ಇಸ್ತ್ರಿ ಕೆಡದ ಮನುಷ್ಯ. ಸ್ಥಳಾಂತರವಾಗಬೇಕಾದ ಮಷೀನುಗಳನ್ನು ಅವರೇ ಗುರುತು ಮಾಡಿ ಕೊಟ್ಟರು. ಅದರಲ್ಲಿ ಚಿಲ್ಲರೆ ತೂಕದ ಮಷೀನು ಇರಲಿಲ್ಲ.

ಚಿಲ್ಲರೆ ತೂಕ ಎಂದರೆ ಹುಳಿಯಾರು ಮತ್ತು ಚಿಕ್ಕನಾಯಕನಹಳ್ಳಿಯ ನಮ್ಮ ಎರಡು ಕೇಂದ್ರಗಳ ತೂಕ. ಲಾರಿಗಟ್ಟಲೆ ಕೊಬ್ಬರಿ ಇರುವವರು ಅಲ್ಲಿಗೆ ಬರುವುದಿಲ್ಲ. ಹಿತ್ತಲಲ್ಲಿ ನಾಲ್ಕು ಮರ ಇರುವವರು, ಕುರಿ ಕಾಯುವವರು, ಒಂದು ಚೀಲವನ್ನು ಬಸ್ಸಿಗೆ ಹಾಕಿಕೊಂಡು ಬರುವ ಹೆಂಗಸರು ಬರುತ್ತಾರೆ. ತಕ್ಕಡಿಯ ಮೇಲೆ ಚೀಲ ಇಟ್ಟರೆ ತೂಕ ನೇರ ತಿಪಟೂರಿನ ಮಷೀನಿಗೆ ಬಂದು, ಆ ದಿನದ ಟೆಂಡರ್ ರೇಟಿನಲ್ಲಿ ಅವರಿಗೆ ರಸೀತಿ ಹೋಗುತ್ತದೆ. ಕೇಂದ್ರ ಇಲ್ಲದಿದ್ದರೆ ಅವರು ಕೊಬ್ಬರಿ ಕೊಡಬೇಕಾದದ್ದು ಮನೆ ಬಾಗಿಲಿಗೆ ಬರುವ ದಲ್ಲಾಳಿಗೆ, ಅವನು ಹಿಡಿದ ತಕ್ಕಡಿಯಲ್ಲಿ, ಅವನು ಹೇಳಿದ ರೇಟಿಗೆ. ನಮ್ಮ ಮಂಡಳಿಯಲ್ಲಿ ಅಂಥ ದಲ್ಲಾಳಿಗಳ ಬೀಗರು, ಭಾವಂದಿರು ಇದ್ದರು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

“ತೂಕದ ಮಷೀನು ಬಿಟ್ಟುಹೋಗಿದೆ ಸರ್” ಎಂದೆ.

“ಬಿಟ್ಟುಹೋಗಿಲ್ಲ ಮೇಡಂ, ಬಿಟ್ಟಿದ್ದೀವಿ. ಹಳೇದು. ಹೊಸ ಲೈಸೆನ್ಸಿನಲ್ಲಿ ಅದಕ್ಕೆ ಜಾಗ ಎಲ್ಲಿ?”

“ಲೈಸೆನ್ಸು ಎಣಿಸೋದು ಸರ್ವರಿನ ಕೋರ್ ಸರ್. ಒಳಗೆ ಎಷ್ಟು ಮಷೀನಿದ್ದರೂ ಅಷ್ಟೇ.”

“ತಾಂತ್ರಿಕ ಕಾರಣದಿಂದ ಕೇಂದ್ರಗಳನ್ನ ನಿಲ್ಲಿಸ್ತಾ ಇದ್ದೀವಿ ಅಂತ ಮಂಡಳೀಲಿ ಆಗ್ಲೇ ಹೇಳಿಯಾಗಿದೆ.”

“ಆ ತಾಂತ್ರಿಕ ಕಾರಣ ಯಾವುದು ಅಂತ ನನಗೂ ಹೇಳಿ. ತಾಂತ್ರಿಕ ವಿಭಾಗ ನಾನೇ ಅಲ್ವಾ?”

ಅವರು ಫೋನು ಕೈಗೆತ್ತಿಕೊಂಡರು. ಮಾತು ಮುಗಿಯಿತು ಎಂಬುದಕ್ಕೆ ಅವರ ಗುರುತು ಅದು. ಕೇಂದ್ರ ಮುಚ್ಚಬೇಕು ಎಂದಿದ್ದರೆ ಮುಚ್ಚುತ್ತೇವೆ ಎಂದು ಬಾಯಿಬಿಟ್ಟು ಹೇಳಲಿ. ನನ್ನ ಮಷೀನಿನ ಹೆಸರು ಹೇಳಿ ಮುಚ್ಚುವುದಕ್ಕೆ ನಾನು ಬದುಕಿರುವಾಗ ಬಿಡುವುದಿಲ್ಲ ಎಂದು ಅಂದೇ ಪಟ್ಟು ಹಿಡಿದೆ.

ಆದರೆ ಆ ಮಷೀನು ಸುಲಭದ್ದಲ್ಲ. ತೂಕದ ಸಾಫ್ಟ್‌ವೇರ್ ಬರೆದವರು ಬೀಗದ ಕೈ ಇದ್ದ ಹಾಗೆ, ಪೆನ್‌ಡ್ರೈವಿನಂಥ ಒಂದು ಸಣ್ಣ ಕಡ್ಡಿ ಕೊಟ್ಟಿದ್ದರು. ಅದು ಸರ್ವರಿನ ಬೆನ್ನಿಗೆ ಚುಚ್ಚಿರಬೇಕು, ಇಲ್ಲದಿದ್ದರೆ ತೂಕ ಹತ್ತುವುದಿಲ್ಲ. ಅಂಗಡಿ ಮುಚ್ಚಿಕೊಂಡು ಅವರು ಎಲ್ಲಿಗೆ ಹೋದರೋ ಪತ್ತೆಯಿಲ್ಲ, ಇನ್ನೊಂದು ಕಡ್ಡಿ ಸಿಗುವ ಮಾತೇ ಇಲ್ಲ. ಹೊಸ ಸರ್ವರಿನಲ್ಲಿ ಮಷೀನಿನ ನಕಲು ಮಾಡಿಟ್ಟು ಪರೀಕ್ಷೆ ಮಾಡಬೇಕಾದರೂ ಹಳೆಯದರಿಂದ ಕಡ್ಡಿ ಕಿತ್ತು ಇದಕ್ಕೆ ಹಾಕಬೇಕು. ಕಿತ್ತರೆ ಎರಡು ಕೇಂದ್ರಗಳ ತೂಕ ನಿಲ್ಲುತ್ತದೆ. ಹೀಗಾಗಿ ಕೇಂದ್ರಗಳಿಗೆ ರಜೆ ಇರುವ ದಿನ ಮಾತ್ರ ನನಗೆ ಸಿಗುತ್ತಿತ್ತು, ವಾರಕ್ಕೊಂದು. ಮೊದಲ ವಾರ ಮಷೀನು ಏಳಲೇ ಇಲ್ಲ. ಮುಂದಿನ ವಾರ ಎದ್ದಿತು, ಡಿಸ್ಕ್ ಕಾಣಲಿಲ್ಲ. ಡಿಸ್ಕ್ ಕಂಡ ವಾರ ಕಡ್ಡಿ ಕಾಣಲಿಲ್ಲ. ಈ ನಡುವೆ ಉಳಿದ ಮಷೀನುಗಳೆಲ್ಲ ಹೊಸ ಸರ್ವರಿಗೆ ದಾಟಿ, ಹೊಸ ಲೈಸೆನ್ಸು ಹತ್ತಿ, ನಡೆಯಲು ಶುರುವಾದವು. ಹಳೆಯದರಲ್ಲಿ ಉಳಿದದ್ದು ತೂಕದ ಮಷೀನೊಂದೇ. ಹಳೆಯದಕ್ಕೆ ಒಮ್ಮೆ ಕೊಂಡ ಹಳೆಯ ಲೈಸೆನ್ಸು ಇನ್ನೂ ಸಲ್ಲುತ್ತಿತ್ತು, ಕಂಪನಿಯ ಸಹಾಯ ಮಾತ್ರ ಇರಲಿಲ್ಲ. ಕಾನೂನಿಗೆ ತಪ್ಪಿ ನಾನು ಏನೂ ಮಾಡಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ.

ನಾಗಭೂಷಣ್ ಬಂದು, ಹಳೇ ಸರ್ವರ್ ಆರಿಸಿ ಎಂದರು. ಆಗ ಮಳೆಗಾಲ. ನಾನು ಸೂರಿನ ತೂತಿನ ಕಡೆ ನೋಡಿದೆ. ಆಮೇಲೆ ಗೋದಾಮಿಗೆ ಹೋಗಿ ಚನ್ನಬಸಪ್ಪನವರಿಗೆ, “ಹೊಸ ಸರ್ವರು ಅಷ್ಟು ಬಿಸಿ ಬಿಡಲ್ಲ. ಹಳೇದನ್ನ ಆರಿಸು ಅಂತಿದ್ದಾರೆ. ಮೇಲಿನ ಕಾಯಿ ಕಥೆ ಏನೋ ನಂಗೆ ಗೊತ್ತಿಲ್ಲಪ್ಪ” ಎಂದು ಹೇಳಿ ಬಂದೆ.

ಊಟದ ಹೊತ್ತಿಗೆ ಅಧ್ಯಕ್ಷರೇ ಬಂದರು. ಪಂಚೆ ಎತ್ತಿ ಕಟ್ಟಿದ್ದರು.

“ಯಾರ್ರೀ ಅದು ಆರ್ಸೋರು? ಕಾಯೊಳಗೆ ಇನ್ನೂ ನೀರೈತೆ, ಈಗ ಆರ್ಸುಬುಟ್ರೆ ಬೂಷ್ಟು ಬಂದು ಎಲ್ಲ ಕೌಟಾಯ್ತದೆ.”

“ಸರ್, ಅದು ಕಾಯಿ ಒಣಗಿಸೋ ಮಷೀನಲ್ಲ” ಎಂದರು ನಾಗಭೂಷಣ್.

“ಯಾವ್ದಾದ್ರೂ ಆಗ್ಲಿ ಬುಡ್ರೀ. ಕಾಯಿ ಒಣಗೋಗಂಟ ಅದು ಉರೀಲಿ.”

ನಾನು ತಲೆ ತಗ್ಗಿಸಿ ನಿಂತಿದ್ದೆ, ನಗು ಕಾಣಬಾರದಲ್ಲ. ಅಧ್ಯಕ್ಷರಿಗೆ ಚಿಲ್ಲರೆ ತೂಕದ ಮಷೀನು ಎಲ್ಲಿದೆ ಎಂಬ ಗೊಡವೆಯೇ ಇರಲಿಲ್ಲ. ಅವರಿಗೆ ಅವರ ಕಾಯಿ, ನನಗೆ ನನ್ನ ಮಷೀನು. ಇದು ಮೋಸ ಎನ್ನುವವರು ಎನ್ನಲಿ. ತಾಂತ್ರಿಕ ಕಾರಣ ಎಂದು ಇಡೀ ಮಂಡಳಿಗೆ ಹೇಳಿದ್ದಕ್ಕಿಂತ ಇದು ದೊಡ್ಡ ಮೋಸವಲ್ಲ.

ಅಂದಿನಿಂದ ನನ್ನ ಗಡುವು ಇದ್ದದ್ದು ಅಟ್ಟದ ಮೇಲೆ. ಪ್ರತಿವಾರ ಚನ್ನಬಸಪ್ಪನವರ ಹಿಂದೆ ಏಣಿ ಹತ್ತುತ್ತಿದ್ದೆ. ಅವರು ರಾಶಿಯಂಚಿನ ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. “ನೀರೈತೆ” ಎಂದರೆ ನನಗೆ ಇನ್ನೊಂದು ವಾರ ಸಿಕ್ಕ ಹಾಗೆ. ಒಂದು ಸಲ ಅವರು ಕಾಯಿ ಕೆಳಗಿಟ್ಟು, “ಅಲ್ಲ ಮೇಡಮ್ಮೋರೆ, ಎಲ್ರೂ ಕಾಯಿ ಬೇಗ ಒಣಗ್ಲಿ ಅಂತಾರೆ. ನೀವ್ ಯಾಕೆ ನೀರಿರ್ಲಿ ಅಂತೀರಿ?” ಎಂದು ಕೇಳಿದರು. ಹುಳಿಯಾರಿನ ವಿಷಯ ಪೂರ್ತಿ ಹೇಳಿದೆ. ಅವರ ತಂಗಿಯೂ ಅಲ್ಲಿಗೇ ಕೊಬ್ಬರಿ ಹಾಕುವವಳಂತೆ. ಮತ್ತೆ ಅವರು ಪ್ರಶ್ನೆ ಕೇಳಲಿಲ್ಲ.

ಮಳೆಗಾಲ ಮುಗಿಯಿತು. ಒಂದು ದಿನ ಚನ್ನಬಸಪ್ಪ ಕಾಯಿಯನ್ನು ನನ್ನ ಕೈಗೇ ಕೊಟ್ಟರು. ಅಲ್ಲಾಡಿಸಿದೆ. ಲೊಡಲೊಡ ಎಂದಿತು. ಆ ಹೊತ್ತಿಗೆ ಹೊಸ ಸರ್ವರಿನಲ್ಲಿ ಮಷೀನು ಏಳುತ್ತಿತ್ತು, ಕಡ್ಡಿಯೂ ಕಾಣುತ್ತಿತ್ತು, ಆದರೆ ಕೇಂದ್ರದ ತಕ್ಕಡಿಯ ಜೊತೆ ಮಾತಾಡುತ್ತಿರಲಿಲ್ಲ. ತಪ್ಪು ಎಲ್ಲಿದೆ ಎಂದು ಹಿಂದಿನ ರಜೆಯ ದಿನ ಕಂಡುಹಿಡಿದು ಸರಿ ಮಾಡಿದ್ದೆ, ಪರೀಕ್ಷೆ ಮಾಡಲು ಮುಂದಿನ ರಜೆಗೆ ಕಾಯುತ್ತಿದ್ದೆ. ಅಷ್ಟರಲ್ಲಿ ಏಣಿಯ ಮೇಲೆ ಬೂಟಿನ ಸದ್ದು ಬಂತು. ನಾಗಭೂಷಣ್.

“ಹೆಂಗಿದೆ ಚನ್ನಬಸಪ್ಪ?”

“ಇನ್ನೂ ನೀರೈತೆ ಸಾ” ಎಂದರು ಚನ್ನಬಸಪ್ಪ, ಕಣ್ಣು ಪಿಳುಕಿಸದೆ.

ನಾಗಭೂಷಣ್ ನನ್ನ ಕೈಯಿಂದ ಕಾಯಿ ತೆಗೆದುಕೊಂಡು ಅಲ್ಲಾಡಿಸಿದರು. ಅವರೂ ಈ ಸೀಮೆಯವರೇ, ಕಿವಿ ಕೇಳುತ್ತಿತ್ತು. “ನಾಳೆ ಬೆಳಗ್ಗೆ ಆರಿಸಬೇಕು ಮೇಡಂ. ನಾನೇ ನಿಂತು ನೋಡ್ತೀನಿ” ಎಂದು ಇಳಿದು ಹೋದರು.

ಮರುದಿನ ತೂಕದ ದಿನ. ನಾನು ಮೊದಲು ಹುಳಿಯಾರಿಗೆ ಫೋನು ಮಾಡಿದೆ. ಅಲ್ಲಿ ತೂಕ ಹಾಕುವವಳು ಗೌರಮ್ಮ, ಮಾತಿನಲ್ಲಿ ನನಗೇನೂ ಕಡಿಮೆಯಿಲ್ಲ.

“ಗೌರಮ್ಮ, ಒಂದು ಟೀ ಕುಡಿಯೋ ಹೊತ್ತು ತೂಕ ನಿಲ್ಸು. ಚಿಕ್ಕನಾಯಕನಹಳ್ಳಿಗೂ ಹೇಳು.”

“ಸಾಲು ಗೇಟ್ ತಂಕ ಐತೆ ಶಮೀಮಕ್ಕ. ಏನಂತ ಹೇಳ್ಲಿ ಜನಕ್ಕೆ?”

“ಇದ್ದದ್ದೇ ಹೇಳು. ಇವತ್ತು ಹತ್ತಿದ್ರೆ ಕೇಂದ್ರ ಉಳೀತದೆ, ಹತ್ತದೆ ಇದ್ರೆ ಇಲ್ಲ.”

ಅವಳು ಸಾಲಿಗೆ ಕೂಗಿ ಹೇಳಿದ್ದು ನನಗೂ ಕೇಳಿಸಿತು. ಆಮೇಲೆ, “ಹತ್ತುಸ್ರಿ ಮತ್ತೆ. ಇವ್ರೇನ್ ಎದ್ದೋಗಲ್ಲ, ಕಾಯ್ತಾರೆ” ಎಂದಳು.

ನಾಗಭೂಷಣ್ ಕೈಕಟ್ಟಿ ಬಾಗಿಲಲ್ಲಿ ನಿಂತಿದ್ದರು. ನಾನು ಹಳೆಯ ಮಷೀನನ್ನು ಕ್ರಮವಾಗಿ ಮಲಗಿಸಿ, ಅದರ ಕೊನೆಯ ನಕಲನ್ನು ಆಚೆಗೆ ದಾಟಿಸಿ, ಬೆನ್ನಿನಿಂದ ಕಡ್ಡಿ ಕಿತ್ತು ಹೊಸ ಸರ್ವರಿಗೆ ಚುಚ್ಚಿದೆ.

“ಏನದು?”

“ತೂಕದ ಮಷೀನಿನ ಕೀಲಿ.”

“ಅದನ್ನ ಸಾಗಿಸೋಕೆ ನಾನು ಹೇಳಿಲ್ಲ.”

“ಇಲ್ಲ, ಹೇಳಿಲ್ಲ.”

“ಯಾರ ಅನುಮತಿ ಮೇಲೆ ಮಾಡ್ತಿದ್ದೀರಿ?”

“ನಂದೇ. ಏನಾದ್ರೂ ಬರೆಯೋದಿದ್ರೆ ನನ್ನ ಹೆಸರೇ ಬರೀರಿ.”

ನಿವೃತ್ತಿಗೆ ಕೆಲವೇ ತಿಂಗಳಿತ್ತು, ಅಮಾನತು ಮಾಡಿದರೆ ಬರಬೇಕಾದದ್ದೆಲ್ಲ ತಡೆಯಬಹುದಿತ್ತು. ಮಷೀನು ಎದ್ದಿತು. ಗಡಿಯಾರ ನೋಡಿದೆ, ಸರಿಯಿತ್ತು. ಫೋನು ಬಂತು.

“ಶಮೀಮಕ್ಕ, ಇಲ್ಲಿ ಬರೀ ಸೊನ್ನೆ ತೋರುಸ್ತಾ ಐತೆ.”

“ಸೊನ್ನೆ ಬಂತಾ? ಬಂತು ಅಂದ್ರೆ ಇಲ್ಲಿಂದ ಅಲ್ಲಿಗೆ ದಾರಿ ಆಯ್ತು ಕಣೇ. ಚೀಲ ಇಡು.”

ಅವಳು ಚೀಲ ಇಟ್ಟಳು. ನನ್ನ ಪರದೆಯ ಮೇಲೆ ತೂಕ ಮೂಡಿತು, ಅದರ ಪಕ್ಕ ಯಾರೋ ಒಬ್ಬ ಹೆಂಗಸಿನ ಹೆಸರು. ಆಮೇಲೆ ಇನ್ನೊಂದು. ಆಮೇಲೆ ಚಿಕ್ಕನಾಯಕನಹಳ್ಳಿಯದೂ ಬರಲು ಶುರುವಾಯಿತು. ನನ್ನ ಕಣ್ಣು ತುಂಬಿತು, ಸೆರಗಿನಲ್ಲಿ ಒರೆಸಿಕೊಂಡೆ. ಹಳೆಯ ಸರ್ವರಿನ ಕಡೆ ಕೈ ತೋರಿಸಿ, “ಈಗ ಆರಿಸಿ ಸರ್. ನೀವೇ ಆರಿಸಿ” ಎಂದೆ.

ಅವರು ಆರಿಸಲಿಲ್ಲ, ಹೊರಟುಹೋದರು. ಗುಂಡಿ ನಾನೇ ಒತ್ತಿದೆ. ಅಷ್ಟು ವರ್ಷ ಕಿವಿಯಲ್ಲಿ ಕೂತಿದ್ದ ಮೊರೆತ ನಿಂತಿತು. ಮೇಲಿನಿಂದ ಚನ್ನಬಸಪ್ಪ, “ಮೇಡಮ್ಮೋರೆ, ಗಾಳಿ ನಿಂತೋಯ್ತು” ಎಂದರು. ನಿಲ್ಲಲಿ ಎಂದೆ.

ಮುಂದಿನ ಮಂಡಳಿ ಸಭೆಯಲ್ಲಿ ಒಬ್ಬರು ಕೇಂದ್ರ ಮುಚ್ಚುವ ವಿಷಯ ಎತ್ತಿದರಂತೆ. ತೂಕ ಹೊಸ ಸರ್ವರಿನಲ್ಲಿ ನಡೆಯುತ್ತಿದೆಯಲ್ಲ, ಇನ್ನು ಯಾವ ತಾಂತ್ರಿಕ ಕಾರಣ ಎಂದು ಇನ್ನೊಬ್ಬರು ಕೇಳಿದರಂತೆ. ನಿಜವಾದ ಕಾರಣವನ್ನು ಎದ್ದು ನಿಂತು ಹೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ವಿಷಯ ಬಿದ್ದುಹೋಯಿತು. ನನಗೆ ಮಾತ್ರ, ಆದೇಶ ಮೀರಿದ್ದಕ್ಕೆ ತಪ್ಪೊಪ್ಪಿಗೆ ಬರೆದುಕೊಡಿ ಎಂದು ನೋಟೀಸು ಬಂತು. ಬರೆದುಕೊಟ್ಟರೆ ಬೀಳ್ಕೊಡುಗೆ, ಇಲ್ಲದಿದ್ದರೆ ಇಲ್ಲ ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದರು. ನಾನು ಸೊಪ್ಪು ಹಾಕಲಿಲ್ಲ.

ನಿವೃತ್ತಿಯಾದ ಮೊದಲ ಬಿಡುವಿನಲ್ಲಿ ನಮ್ಮ ಮನೆ ಹಿತ್ತಲ ಎರಡು ಮರಗಳ ಕೊಬ್ಬರಿಯನ್ನು ಒಂದು ಚೀಲಕ್ಕೆ ತುಂಬಿಕೊಂಡು ಹುಳಿಯಾರಿನ ಬಸ್ಸು ಹತ್ತಿದೆ. ತಿಪಟೂರಿನಲ್ಲೇ ಮಾರಬಹುದಿತ್ತು, ಮನಸ್ಸು ಕೇಳಲಿಲ್ಲ. ಕೇಂದ್ರದ ಗೇಟಿನ ತನಕ ಸಾಲು. ಒಳಗೆ ಗೌರಮ್ಮ ತಕ್ಕಡಿಯ ಮುಂದೆ ಕೂತಿದ್ದಳು. ಅಷ್ಟು ವರ್ಷ ಫೋನಿನಲ್ಲೇ ಮಾತಾಡಿದ್ದು, ಮುಖ ನೋಡಿದ್ದು ಅದೇ ಮೊದಲು. ಚೀಲ ಎಳೆದುಕೊಂಡು ನೇರ ಅವಳ ಹತ್ತಿರ ಹೋಗಿ, ನಾನು ಶಮೀಮ್ ಎಂದೆ.

ಅವಳು ಎದ್ದು ನನ್ನ ಎರಡೂ ಕೈ ಹಿಡಿದುಕೊಂಡಳು. ಗಳಿಗೆ ಹೊತ್ತು ಬಿಡಲಿಲ್ಲ. ಆಮೇಲೆ ನನ್ನ ಬೆನ್ನ ಹಿಂದಿನ ಸಾಲಿನ ಕಡೆ ನೋಡಿ, ಕೈ ಬಿಟ್ಟು, ಮತ್ತೆ ತಕ್ಕಡಿಯ ಮುಂದೆ ಕೂತಳು.

“ಶಮೀಮಕ್ಕ, ಸಾಲಿಗೆ ಹೋಗಿ. ಇಲ್ಲಿ ಯಾರಿಗೂ ಮೊದ್ಲು ಹಾಕಲ್ಲ” ಎಂದಳು.

ನಾನು ಚೀಲ ಎಳೆದುಕೊಂಡು ಗೇಟಿನ ಹತ್ತಿರ ಹೋಗಿ, ಎಲ್ಲರ ಹಿಂದೆ ನಿಂತುಕೊಂಡೆ.